ಬಡ್ಡಿ ವಸೂಲಿಗೆ ಬಂದವನಲ್ಲ, ಮಿಷನರಿ

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಇರುವುದು ಅಪ್ಪನ ಹೆಸರು. ಮಂಡ್ಯ ಕಡೆಯವರಿಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಹೀಗಾಗಿ ಫಿಲಿಪ್ಪೀನ್ಸ್‌ನಲ್ಲಿ ಮಿಷನ್ ಮಾಡಿದ ಎರಡು ವರ್ಷವೂ ನನ್ನ ಜೇಬಿನ ಮೇಲಿನ ಕಪ್ಪು ನೇಮ್ ಬ್ಯಾಡ್ಜಿನಲ್ಲಿ 'ಎಲ್ಡರ್' (ನಮ್ಮ ಹುಡುಗ ಮಿಷನರಿಗಳಿಗೆಲ್ಲ ಇದೇ ಬಿರುದು) ಅಂತಿದ್ದು, ಅದರ ಮುಂದೆ ಅಪ್ಪನ ಹೆಸರಿತ್ತು. ಐದಕ್ಷರದ ಹೆಸರು. ಅಲ್ಲಿನವರ ನಾಲಿಗೆ ಅದಕ್ಕೆ ಹೊರಳಲಿಲ್ಲ. ಮೊದಲ ಎರಡಕ್ಷರ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟರು. ಯೇಸುವಿನ ಸುವಾರ್ತೆ ಸಾರಲು ಹೋದವನು ಊರಿಗೆಲ್ಲ 'ಎಲ್ಡರ್ ಶಿವ' ಆದೆ. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮಜ್ಜಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ನಮ್ಮದು ಮಾರ್ಮನ್ ಅನ್ನುವ ಕ್ರೈಸ್ತ ಸಭೆ. ಮಾರ್ಮನ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರು "ಅದೇ, ನಾಲ್ಕೈದು ಹೆಂಡತೀರನ್ನ ಕಟ್ಕೊಳ್ತಾರಲ್ಲ" ಅಂತ ಶುರು ಮಾಡುತ್ತಾರೆ. ಚರ್ಚು ಅದನ್ನು ಬಿಡುವ ಘೋಷಣೆ ಹೊರಡಿಸಿದ್ದು 1890ರಲ್ಲಿ. ಈಗ ಹಾಗೆ ಮಾಡಿದರೆ ಸಭೆಯಿಂದ ಹೊರಗೆ ಹಾಕುತ್ತಾರೆ. ಮಾರ್ಮನ್ ಅನ್ನುವ ಅಡ್ಡಹೆಸರನ್ನೂ ಬಳಸಬೇಡಿ, ಪೂರ್ತಿ ಹೆಸರು ಹೇಳಿ ಅಂತ ನಮ್ಮ ಅಧ್ಯಕ್ಷರಾಗಿದ್ದ ರಸಲ್ ನೆಲ್ಸನ್ 2018ರಲ್ಲಿ ಹೇಳಿದರು. ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಬಿಸಿಲಲ್ಲಿ ಗೇಟಿನ ಮುಂದೆ ನಿಂತು ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಮನೆಯವರು ಒಳಗೆ ಹೋಗಿರುತ್ತಿದ್ದರು, ಅದು ಬೇರೆ ಮಾತು.

ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕೆಲಸಕ್ಕೆ ಬಂದ ಮೇಲೆ ಈ ಸಭೆ ಸೇರಿದವರು. ಊರಲ್ಲಿರುವ ಅಜ್ಜಿ ಸೇರಿದವರಲ್ಲ, ಸೇರುವವರೂ ಅಲ್ಲ. ಅವರಿಗೆ ತ್ರಿಮೂರ್ತಿಗಳ ಬಗ್ಗೆ ಆಗಲಿ, ಬೈಬಲ್ ಬಗ್ಗೆ ಆಗಲಿ ತಕರಾರಿರಲಿಲ್ಲ. ತಕರಾರು ಒಂದೇ. ನಮ್ಮಲ್ಲಿ ಹೆಂಡ, ಹೊಗೆಸೊಪ್ಪಿನ ಜೊತೆಗೆ ಕಾಫಿ, ಟೀ ಕೂಡ ನಿಷೇಧ. "ಕಾಪಿನೂ ಕುಡೀಬ್ಯಾಡ ಅನ್ನೋ ದ್ಯಾವ್ರು ಯಾವ್ದ್ಲಾ ಅದು?" ಅಂತ ಅಜ್ಜಿ ಇವತ್ತಿಗೂ ಕೇಳುತ್ತಾರೆ. ಇದಕ್ಕೆ ಎರಡು ವರ್ಷ ಧರ್ಮ ಸಾರಿ ಬಂದ ನನ್ನ ಹತ್ತಿರವೂ ಉತ್ತರವಿಲ್ಲ.

ಮಿಷನ್ ಅಂದರೆ ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಹುಡುಗರು 18 ತುಂಬಿದ ಮೇಲೆ ಹೋಗಬಹುದು. 2012ರವರೆಗೆ ಅದು 19 ಇತ್ತು. ಸಂಬಳ ಇಲ್ಲ. ಉಲ್ಟಾ ಮನೆಯವರೇ ತಿಂಗಳು ತಿಂಗಳು ಕೈಲಾದಷ್ಟು ಹಣ ಕಟ್ಟಬೇಕು. ನಮ್ಮಂಥವರಿಗೆ ಸಾಲದೆ ಬಂದದ್ದನ್ನು ಚರ್ಚಿನ ನಿಧಿ ತುಂಬುತ್ತದೆ. ಎಲ್ಲಿಗೆ ಹೋಗಬೇಕು ಅನ್ನುವುದು ನಮ್ಮ ಆಯ್ಕೆ ಅಲ್ಲ. ಅರ್ಜಿ, ಡಾಕ್ಟರ ಸರ್ಟಿಫಿಕೇಟು, ಹಲ್ಲಿನ ಡಾಕ್ಟರ ಸರ್ಟಿಫಿಕೇಟು, ಎರಡು ಸಂದರ್ಶನ, ಇಷ್ಟೂ ಆದ ಮೇಲೆ ಒಂದು ದಿನ ಈಮೇಲ್ ಬರುತ್ತದೆ. ಅದನ್ನೇ ನಾವು 'ಕಾಲ್' ಅನ್ನುವುದು. ಮುಂಚೆ ಅಮೆರಿಕದಿಂದ ದೊಡ್ಡ ಬಿಳಿ ಲಕೋಟೆ ಬರುತ್ತಿತ್ತಂತೆ. ನನ್ನ ಕಾಲ್ ಬಂದ ದಿನ ಮನೆಯ ಹಾಲ್ ತುಂಬ ಜನ ಕೂತಿದ್ದರು. ದೆಹಲಿ ಅಂತ ಅರ್ಧ ಜನ, ಬೆಂಗಳೂರೇ ಅಂತ ಇನ್ನರ್ಧ ಜನ ಪಂದ್ಯ ಕಟ್ಟಿದ್ದರು. ಪಂದ್ಯ ಅಂದರೆ ಸುಮ್ನೆ ಬಾಯಿಮಾತಿನದು, ಜೂಜೂ ನಮ್ಮಲ್ಲಿ ನಿಷೇಧ. ಫಿಲಿಪ್ಪೀನ್ಸ್, ತಗಾಲೋಗ್ ಭಾಷೆ ಅಂತ ಓದಿದಾಗ ಅಮ್ಮ ಮೊದಲು ಕೇಳಿದ್ದು, "ಅಲ್ಲಿ ಅನ್ನ ಸಿಗುತ್ತಾ?"

ಸಿಗುತ್ತದೆ. ಅನ್ನ ಮಾತ್ರ ಮೂರು ಹೊತ್ತೂ ಸಿಗುತ್ತದೆ.

ಮೊದಲು ಮನಿಲಾದ ತರಬೇತಿ ಕೇಂದ್ರ. ಕೆಝೋನ್ ಸಿಟಿಯಲ್ಲಿ ನಮ್ಮ ಟೆಂಪಲ್ ಇದೆ, 1984ರಲ್ಲಿ ಪ್ರತಿಷ್ಠೆ ಆದದ್ದು. ಟೆಂಪಲ್ ಅಂದರೆ ಭಾನುವಾರ ಸೇರುವ ಚರ್ಚಲ್ಲ, ವಿಶೇಷ ವಿಧಿಗಳಿಗೆ ಇರುವ ಕಟ್ಟಡ. ಕೇಂದ್ರ ಅದರ ಎದುರಿಗೇ. ನಾನು ಹೊರಡುವಾಗ ಬೆಂಗಳೂರಿನ ಟೆಂಪಲ್ ಇನ್ನೂ ಕಟ್ಟುತ್ತಿದ್ದರು. ಹಾಗಾಗಿ ಟೆಂಪಲ್ ಒಳಗೆ ಕಾಲಿಟ್ಟದ್ದು ಅದೇ ಮೊದಲು. ತರಬೇತಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೆಳಗಿಂದ ರಾತ್ರಿವರೆಗೆ ತಗಾಲೋಗ್, ಪಾಠ ಹೇಳುವ ಅಭ್ಯಾಸ, ಹಾಡು, ಪ್ರಾರ್ಥನೆ, ಮತ್ತೆ ತಗಾಲೋಗ್. ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಕಿವಿಗೆ ಬಿದ್ದು ಬೆಂಗಳೂರಲ್ಲಿ ಬೆಳೆದವನಿಗೆ ಐದನೆಯ ಭಾಷೆ ಅಂಥ ಭಯ ಅಲ್ಲ. ಜೊತೆಗಿದ್ದ ಅಮೆರಿಕದ ಹುಡುಗರು ಮಾತ್ರ ರಾತ್ರಿ ನಿದ್ದೆಯಲ್ಲೂ ಕ್ರಿಯಾಪದ ಬಡಬಡಿಸುತ್ತಿದ್ದರು.

ಆಮೇಲೆ ನುವೆವಾ ಎಸಿಹಾ. ಲುಝೋನ್ ದ್ವೀಪದ ನಡುವಿನ ಪ್ರಾಂತ್ಯ, ದೇಶದ ಅಕ್ಕಿ ಕಣಜ ಅಂತ ಹೆಸರು. ಬಸ್ಸಿನ ಕಿಟಕಿಯಿಂದ ನೋಡಿದರೆ ಕಣ್ಣು ಹಾಯುವಷ್ಟೂ ಗದ್ದೆ, ನಡುವೆ ಕಾಲುವೆ, ಬದುವಿನ ಮೇಲೆ ಕೊಕ್ಕರೆ. ನಾಲೆ ನೀರಿನ ವಾಸನೆ ಕೂಡ ನಮ್ಮೂರಿನದೇ. ಎತ್ತಿನ ಬದಲು ಕೋಣ ಇರುವುದಷ್ಟೇ ವ್ಯತ್ಯಾಸ ಅಂದುಕೊಂಡೆ. ರಸ್ತೆಯ ಮೇಲೇ ಭತ್ತ ಒಣಹಾಕಿದ್ದನ್ನು ನೋಡಿದ ಮೇಲೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ದಿನಚರಿ ಹೀಗೆ. ಬೆಳಿಗ್ಗೆ 6:30ಕ್ಕೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಒಂದು ಗಂಟೆ ಒಬ್ಬೊಬ್ಬರೇ ಓದು, ಇನ್ನಷ್ಟು ಹೊತ್ತು ಜೊತೆಗಾರನೊಂದಿಗೆ ಓದು, ಭಾಷೆಯ ಓದು. ಆಮೇಲೆ ಹೊರಗೆ. ರಾತ್ರಿ ಒಂಬತ್ತರ ಹೊತ್ತಿಗೆ ಮನೆ, ಮರುದಿನದ ಪ್ಲಾನ್, 10:30ಕ್ಕೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಕ್ರಿಕೆಟ್ ಸ್ಕೋರ್ ಇಲ್ಲ, ಹುಡುಗಿಯರ ಜೊತೆ ಓಡಾಟ ಇಲ್ಲ. ಕೈಯಲ್ಲಿ ಫೋನ್ ಇರುತ್ತದೆ, ಆದರೆ ಅದು ಕೆಲಸದ ಫೋನ್. ಓದುವವರಿಗೆ ಇದೆಲ್ಲ ಕಷ್ಟ ಅನ್ನಿಸಬಹುದು. ಹಾಸ್ಟೆಲಿನಲ್ಲಿ ಬೆಳೆದ ಯಾರಿಗಾದರೂ ಒಂದು ತಿಂಗಳಲ್ಲಿ ಒಗ್ಗಿಹೋಗುತ್ತದೆ.

ಒಗ್ಗದೇ ಇರುವುದು ಇನ್ನೊಂದು. ಯಾವತ್ತೂ ಒಬ್ಬನೇ ಇರುವ ಹಾಗಿಲ್ಲ. ಜೊತೆಗಾರನನ್ನು ನಾವು 'ಕಂಪ್ಯಾನಿಯನ್' ಅನ್ನುತ್ತೇವೆ. ಅವನ ಕಣ್ಣಿಗೆ, ಕಿವಿಗೆ ಸಿಗುವಷ್ಟು ಹತ್ತಿರ ಇರಬೇಕು. ಅಂಗಡಿಗೆ ಹೋದರೂ ಇಬ್ಬರೂ, ಸುಮ್ಮನೆ ಗಾಳಿಗೆ ನಿಂತರೂ ಇಬ್ಬರೂ. ಬಚ್ಚಲುಮನೆ ಒಂದೇ ಖಾಸಗಿ ಜಾಗ. ಅದಕ್ಕೇ ಮಿಷನರಿಗಳು ಸ್ನಾನಕ್ಕೆ ಅಷ್ಟು ಹೊತ್ತು ತೆಗೆದುಕೊಳ್ಳುವುದು. ಇದು ಕಾವಲು ಅಂತ ಹೊರಗಿನವರು ಹೇಳುತ್ತಾರೆ, ರಕ್ಷಣೆ ಅಂತ ನಮ್ಮವರು ಹೇಳುತ್ತಾರೆ. ಎರಡೂ ನಿಜ. ನನ್ನ ಒಬ್ಬ ಜೊತೆಗಾರ ಊಟ ಮಾಡುವಾಗ ಸದ್ದು ಮಾಡುತ್ತಿದ್ದ. ಮೊದಲ ವಾರ ನಕ್ಕೆ. ನಾಲ್ಕನೇ ವಾರ ಆ ಸದ್ದು ಕೇಳಿದರೆ ತಟ್ಟೆ ಎತ್ತಿ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಅವನಿಗೆ ನನ್ನ ಮೇಲೆ ಏನೇನು ಸಿಟ್ಟಿತ್ತೋ. ಭಾನುವಾರಕ್ಕೊಮ್ಮೆ ಕೂತು ಒಬ್ಬರ ತಪ್ಪು ಒಬ್ಬರು ಹೇಳಿಕೊಳ್ಳಬೇಕು ಅನ್ನುವ ಪದ್ಧತಿಯೂ ಇದೆ. ಗಂಡ ಹೆಂಡತಿ ಕೂಡ ವಾರಕ್ಕೊಮ್ಮೆ ಹೀಗೆ ಕೂರಲ್ಲ ಅಲ್ವಾ?

ಆರು ವಾರಕ್ಕೊಮ್ಮೆ 'ಟ್ರಾನ್ಸ್‌ಫರ್' ಬರುತ್ತದೆ. ಯಾರು ಎಲ್ಲಿಗೆ, ಯಾರ ಜೊತೆ ಅನ್ನುವುದು ಹಿಂದಿನ ದಿನವೋ ಎರಡು ದಿನ ಮೊದಲೋ ಗೊತ್ತಾಗುತ್ತದೆ. ಹಿಂಸೆಯ ಜೊತೆಗಾರ ಹೋದರೆ ಸಾಕು ಅಂತ ಕಾಯುತ್ತೇವೆ. ಅವನು ಬಸ್ಸು ಹತ್ತುವಾಗ ಗಂಟಲು ಕಟ್ಟುತ್ತದೆ. ಆ ಸದ್ದು ಮಾಡಿ ತಿನ್ನುವವನು ಟೊಂಗಾದವನು. ಈಗಲೂ ನನಗೆ ಬರ್ತ್‌ಡೇಗೆ ಫೋನ್ ಮಾಡುವ ಒಬ್ಬನೇ ಜೊತೆಗಾರ ಅವನು.

ಇನ್ನು ಗೇಟುಗಳ ವಿಷಯ. ಬೆಂಗಳೂರಿನಲ್ಲಿ ನಾನು ಕಂಡ ಮಿಷನರಿಗಳು ಮನೆ ಮನೆ ಬಾಗಿಲು ತಟ್ಟುತ್ತಿರಲಿಲ್ಲ, ಪರಿಚಯದವರು ಕರೆದರೆ ಹೋಗುತ್ತಿದ್ದರು. ಫಿಲಿಪ್ಪೀನ್ಸ್‌ನಲ್ಲಿ ಗೇಟಿನ ಹತ್ತಿರ ನಿಂತು "ತಾವೊ ಪೋ!" ಅಂತ ಕೂಗಬೇಕು. ಯಾರಿದ್ದೀರಿ ಮನೇಲಿ ಅಂತ ನಾವು ಕೂಗುತ್ತೀವಲ್ಲ, ಹಾಗೆ. ಜನ ಮರ್ಯಾದಸ್ಥರು. ಬೇಡ ಅನ್ನುವುದನ್ನೂ ನಗುತ್ತಾ ಹೇಳುತ್ತಾರೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಕ್ಯಾಥೊಲಿಕ್ ಇರುವ ದೇಶ, ಯೇಸುವಿನ ಹೆಸರು ಹೇಳಿದವನನ್ನು ಬೈದು ಕಳಿಸುವುದಿಲ್ಲ. 1914ರಲ್ಲಿ ಅಲ್ಲೇ ಹುಟ್ಟಿದ ಇಗ್ಲೇಸಿಯಾ ನಿ ಕ್ರಿಸ್ತೋ ಅನ್ನುವ ಇನ್ನೊಂದು ದೊಡ್ಡ ಸಭೆಯವರು ಮಾತ್ರ ಬೈಬಲ್ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು, ವಾದಕ್ಕೆ.

ಆದರೆ ನಾನು ಕೂಗಿದರೆ ಕತೆಯೇ ಬೇರೆ. ಅಲ್ಲಿ ಭಾರತದವನು ಅಂದರೆ 'ಬುಂಬಾಯ್', ಬುಂಬಾಯ್ ಅಂದರೆ 'ಫೈವ್-ಸಿಕ್ಸ್'. 5 ಸಾವಿರ ಪೆಸೊ ಸಾಲ ಕೊಟ್ಟು 6 ಸಾವಿರ ವಾಪಸ್ ತೆಗೆದುಕೊಳ್ಳುವ ದಂಧೆ. ಪಂಜಾಬಿನಿಂದ ಬಂದವರು ಇದರಲ್ಲಿ ಜಾಸ್ತಿ. ಬೈಕಿನಲ್ಲಿ ಬಂದು ದಿನದ ಕಂತು ವಸೂಲಿ ಮಾಡುತ್ತಾರೆ, ಜೊತೆಗೆ ಫ್ಯಾನು, ಕೊಡೆ, ಸೊಳ್ಳೆಪರದೆಯನ್ನೂ ಕಂತಿನ ಮೇಲೆ ಮಾರುತ್ತಾರೆ. ಬ್ಯಾಂಕಿಗೆ ಕಾಲಿಡಲಾಗದ ಸಂತೆ ಹೆಂಗಸರಿಗೆ, ಚಿಲ್ಲರೆ ಅಂಗಡಿಯವರಿಗೆ ಬೆಳಿಗ್ಗೆ ದುಡ್ಡು ಕೊಡುವವನು ಅವನೊಬ್ಬನೇ. ಹಾಗಾಗಿ ಅವನು ಬೇಕೂ ಹೌದು, ಬೇಡವೂ ಹೌದು. ನನ್ನ ಮುಖ ಗೇಟಿನ ಮೇಲೆ ಕಂಡ ತಕ್ಷಣ ಒಳಗೆ ಟೀವಿ ಆಫ್ ಆಗುತ್ತಿತ್ತು. ಒಂದು ಮಗು ಹೊರಗೆ ಬಂದು, "ಅಮ್ಮ ಮನೇಲಿಲ್ಲ ಅಂತ ಹೇಳು ಅಂದ್ಲು ಅಮ್ಮ" ಅಂತ ಪೂರ್ತಿ ಸಂದೇಶ ಒಪ್ಪಿಸಿ ಹೋಯಿತು. ಚಿಕ್ಕ ಮಕ್ಕಳಂತೂ ಅಳುತ್ತಾ ಓಡುತ್ತಿದ್ದವು. ನಮ್ಮಲ್ಲಿ ಗುಮ್ಮ ಬರುತ್ತೆ ಅಂತ ಹೆದರಿಸುತ್ತಾರಲ್ಲ, ಅಲ್ಲಿ ಊಟ ಮಾಡದ ಮಕ್ಕಳನ್ನು ಬುಂಬಾಯ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ. ನನ್ನ ಬೆನ್ನ ಮೇಲೆ ಬ್ಯಾಗ್ ಬೇರೆ ಇರುತ್ತಿತ್ತು.

ನನ್ನ ಟ್ರೈನರ್, ಅಂದರೆ ಮೊದಲ ಜೊತೆಗಾರ, ಸಮಾರ್ ದ್ವೀಪದ ಹುಡುಗ. ಅವನಿಗೆ ಇದು ಮಹಾ ತಮಾಷೆ. ಕೊನೆಗೆ ನಾನೇ ಒಂದು ಮಾತು ಹುಡುಕಿಕೊಂಡೆ. "ಭಯ ಬೇಡ ನಾನಾಯ್, ನಾನು ವಸೂಲಿಗೆ ಬಂದಿಲ್ಲ, ನನ್ನ ಹತ್ತಿರ ಕೊಡೋಕೂ ದುಡ್ಡಿಲ್ಲ!" ಅಂತ ಗೇಟಿನಾಚೆಯಿಂದಲೇ ತಗಾಲೋಗಿನಲ್ಲಿ ಕೂಗುವುದು. ನಾನಾಯ್ ಅಂದರೆ ಅಮ್ಮ. ಒಳಗಿಂದ ನಗು ಕೇಳಿಸಿದರೆ ಆ ಗೇಟು ತೆರೆಯಿತು ಅಂತಲೇ ಲೆಕ್ಕ. ನಮ್ಮ ಕೈಪಿಡಿಯಲ್ಲಿ ಇಲ್ಲದ ಪಾಠ ಇದು, ಆದರೆ ಕೈಪಿಡಿಯಲ್ಲಿದ್ದ ಯಾವ ಪಾಠವೂ ಇಷ್ಟು ಗೇಟು ತೆರೆಸಲಿಲ್ಲ. ಆಮೇಲೆ ಅಮೆರಿಕದ ಯೂಟಾದ ಹುಡುಗ ಜೊತೆಗೆ ಬಂದಾಗ ಇನ್ನೊಂದು ತಮಾಷೆ. ಬಿಳಿಯವನೇ ಪಾದ್ರಿ, ನಾನು ಅವನ ಡ್ರೈವರ್ ಅಂದುಕೊಳ್ಳುತ್ತಿದ್ದರು. ನಮ್ಮ ಹತ್ತಿರ ವಾಹನವೇ ಇರಲಿಲ್ಲ. ಟ್ರೈಸಿಕಲ್ (ಪಕ್ಕಕ್ಕೆ ಗೂಡು ಕಟ್ಟಿದ ಬೈಕು), ಜೀಪ್ನಿ (ಉದ್ದನೆಯ ಜೀಪಿನಂಥ ಬಸ್ಸು), ಅದು ಬಿಟ್ಟರೆ ಕಾಲು.

ಗೇಟು ತೆರೆದ ಮೇಲೆ ಊಟ. ಉಣ್ಣುತ್ತಾ ಕೂತವರು ದಾರಿಯಲ್ಲಿ ಹೋಗುವವರನ್ನೂ "ಕಾಯಿನ್ ತಾಯೊ", ಬನ್ನಿ ಊಟ ಮಾಡೋಣ ಅಂತ ಕರೆಯುತ್ತಾರೆ. ಅನ್ನಕ್ಕೆ ಹುಣಸೆ ಹುಳಿಯ ಸಿನಿಗಾಂಗ್ ಬಂದಾಗ ಸಾರು ಸಿಕ್ಕಷ್ಟು ಖುಷಿ, ಆದರೆ ಖಾರವೇ ಇಲ್ಲ. ಹಂದಿ ರಕ್ತದಲ್ಲಿ ಮಾಡುವ ದಿನುಗುವಾನ್ ನೋಡಿ ಅಮೆರಿಕದವರು ಬೆಳ್ಳಗಾಗುತ್ತಿದ್ದರು. ಊರಲ್ಲಿ ಹಬ್ಬಕ್ಕೆ ಮರಿ ಕೊಯ್ದಾಗ ರಕ್ತದ ಪಲ್ಯ ತಿಂದವನಿಗೆ ಅದೇನು ದೊಡ್ಡದಲ್ಲ. ಬಾತುಕೋಳಿ ಮೊಟ್ಟೆಯೊಳಗೆ ಮರಿ ಅರ್ಧ ಬೆಳೆದಿರುವ ಬಲುತ್ ಮಾತ್ರ ನನ್ನ ಕೈಯಲ್ಲಾಗಲಿಲ್ಲ. ಕಾಫಿ ಬೇಡ ಅಂದರೆ ಕೋಕ್ ತರಲು ಮಗುವನ್ನು ಓಡಿಸುತ್ತಿದ್ದರು. ಆ ದುಡ್ಡಿಗೆ ಅವರ ಮನೆಗೆ ಅರ್ಧ ಕಿಲೋ ಅಕ್ಕಿ ಬರುತ್ತಿತ್ತು ಅಂತ ಗೊತ್ತಾದ ಮೇಲೆ, ನೀರು ಸಾಕು ಅಂತ ಮೊದಲೇ ಹೇಳುವುದನ್ನು ಕಲಿತೆ.

2022ರ ಸೆಪ್ಟೆಂಬರ್ ಕೊನೆಯಲ್ಲಿ ಕಾರ್ಡಿಂಗ್ ಚಂಡಮಾರುತ ಬಂತು. ಹೊರದೇಶದವರು ಅದನ್ನು ನೋರು ಅನ್ನುತ್ತಾರೆ. ಹೊರಗೆ ಬರಬೇಡಿ ಅಂತ ನಮಗೆ ಆದೇಶ. ರಾತ್ರಿಯಿಡೀ ತಗಡಿನ ಮಾಡುಗಳು ಕಿತ್ತು ಹೋಗುವ ಸದ್ದು. ಬೆಳಿಗ್ಗೆ ನೋಡಿದರೆ ಕೊಯ್ಲಿಗೆ ಬರಬೇಕಾಗಿದ್ದ ಭತ್ತ ಪೂರ್ತಿ ನೀರಲ್ಲಿ ಮಲಗಿತ್ತು. ಅದನ್ನು ನೋಡಿ ಏನು ಹೇಳಬೇಕು ಅಂತ ಜೊತೆಗಾರನಿಗೆ ತಿಳಿಯಲಿಲ್ಲ, ಅವನು ಪಟ್ಟಣದ ಹುಡುಗ. ನನಗೆ ಅಪ್ಪನ ಮನೆಯ ಕಡೆ ಮಳೆಗೆ ಬೆಳೆ ಹೋದ ವರ್ಷಗಳು ನೆನಪಿದ್ದವು. ಕೆಲವು ದಿನ ಬೈಬಲ್ ಬ್ಯಾಗಿನಲ್ಲೇ ಉಳಿಯಿತು. ಹಳದಿ ಜಾಕೆಟ್ ಹಾಕಿಕೊಂಡು ಕೆಸರು ತೆಗೆದೆವು, ತಗಡು ಹೊತ್ತೆವು, ನೆನೆದ ಭತ್ತ ಹರಡಿದೆವು. ಎರಡು ವರ್ಷದಲ್ಲಿ ನನಗೆ ಯಾವ ಅನುಮಾನವೂ ಇಲ್ಲದೆ ನಿದ್ದೆ ಬಂದದ್ದು ಆ ವಾರ.

ಅದೇ ವರ್ಷದ ಕೊನೆಗೆ ಈರುಳ್ಳಿ ರೇಟು ಏರಿ ಕಿಲೋಗೆ 700 ಪೆಸೊ ಮುಟ್ಟಿತು, ಮಾಂಸಕ್ಕಿಂತ ದುಬಾರಿ. ಅದೂ ಈರುಳ್ಳಿ ಬೆಳೆಯುವ ಪ್ರಾಂತ್ಯದಲ್ಲಿ! ಅಮ್ಮ ಕಳಿಸಿದ ರವೆಯಲ್ಲಿ ಈರುಳ್ಳಿ ಇಲ್ಲದ ಉಪ್ಪಿಟ್ಟು ಮಾಡಿದೆ. ಜೊತೆಗಾರ ಚೆನ್ನಾಗಿದೆ ಅಂದ. ಪಾಪ, ಅವನಿಗೆ ಗೊತ್ತಿಲ್ಲ.

ಸೋಮವಾರ ನಮ್ಮ ಬಿಡುವು, 'ಪಿ-ಡೇ' ಅನ್ನುತ್ತಾರೆ. ಬಿಡುವು ಅಂದರೆ ಬಟ್ಟೆ ಒಗೆಯುವುದು, ಸಂತೆ, ಕಟಿಂಗ್, ಬ್ಯಾಸ್ಕೆಟ್‌ಬಾಲ್. ವಾರವಿಡೀ ಹಾಕಿದ ಬಿಳಿ ಶರ್ಟಿನ ಕಾಲರ್ ಉಜ್ಜಿ ಉಜ್ಜಿ ಬೆರಳು ಸವೆಯುತ್ತಿತ್ತು. ಮನೆಗೆ ವೀಡಿಯೋ ಕಾಲ್ ಕೂಡ ಅವತ್ತೇ. 2019ರ ಫೆಬ್ರವರಿಗೆ ಮುಂಚೆ ವರ್ಷಕ್ಕೆ ಎರಡೇ ಸಲ ಫೋನು, ಕ್ರಿಸ್ಮಸ್ಸಿಗೆ ಮತ್ತು ಅಮ್ಮಂದಿರ ದಿನಕ್ಕೆ. ನಾನು ಅದೃಷ್ಟವಂತ. ಆದರೂ ವಾರಕ್ಕೊಮ್ಮೆ ಮಾತಾಡುವುದು ಅಷ್ಟು ಸುಲಭವಲ್ಲ. ಅಮ್ಮ ನೋಡುವುದು ಮುಖ ಇಳಿದಿದೆಯಾ ಅಂತ. ಅದಕ್ಕೆ ತಕ್ಕಂತೆ ಮುಖ ಮಾಡಿಕೊಂಡು ಕೂರಬೇಕು.

ಭಾನುವಾರ ರಾತ್ರಿ ಲೆಕ್ಕ ಕೊಡಬೇಕು. ಎಷ್ಟು ಜನಕ್ಕೆ ಪಾಠ ಆಯಿತು, ಎಷ್ಟು ಜನ ಚರ್ಚಿಗೆ ಬಂದರು, ಎಷ್ಟು ಜನಕ್ಕೆ ದೀಕ್ಷಾಸ್ನಾನದ, ಅಂದರೆ ನೀರಲ್ಲಿ ಮುಳುಗಿ ಸಭೆ ಸೇರುವ ವಿಧಿಯ, ತಾರೀಖು ಕೊಟ್ಟಾಯಿತು. ಸಂಖ್ಯೆಗಿಂತ ಜನ ಮುಖ್ಯ ಅಂತ ಎಲ್ಲ ಮೀಟಿಂಗುಗಳಲ್ಲೂ ಹೇಳುತ್ತಾರೆ, ಆಮೇಲೆ ಸಂಖ್ಯೆ ಕೇಳುತ್ತಾರೆ. ನನಗೆ ಇದು ಕೊನೆವರೆಗೂ ಇಷ್ಟವಾಗಲಿಲ್ಲ.

ಯಾಕೆ ಅಂದರೆ ಆ ಲೆಕ್ಕದ ಯಾವ ಕಾಲಮ್ಮಿನಲ್ಲೂ ಕೂರದ ಒಂದು ಜೋಡಿ ನಮಗಿತ್ತು. ಗಂಡ ಟ್ರೈಸಿಕಲ್ ಓಡಿಸುವವರು, ಹೆಂಡತಿಯದು ಮನೆ ಮುಂದಿನ ಸಾರಿ-ಸಾರಿ ಅಂಗಡಿ, ಅಂದರೆ ಶಾಂಪೂ ಸ್ಯಾಶೆ, ಬಿಡಿ ಸಿಗರೇಟು ಮಾರುವ ಗೂಡಂಗಡಿ. ಮೊದಲ ದಿನ ನನ್ನನ್ನು ನೋಡಿ ಕಂತಿನ ದುಡ್ಡು ಎಣಿಸಲು ಶುರು ಮಾಡಿದ್ದು ಈ ನಾನಾಯ್. ವಾರಕ್ಕೆರಡು ಸಲ ಹೋಗುತ್ತಿದ್ದೆವು. 1820ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆ ಜೋಸೆಫ್ ಸ್ಮಿತ್ ಅನ್ನುವ 14 ವರ್ಷದ ಹುಡುಗ ತೋಪಿನಲ್ಲಿ ಪ್ರಾರ್ಥನೆ ಮಾಡಿದ ಕತೆಯಿಂದ ನಮ್ಮ ಪಾಠ ಶುರುವಾಗುತ್ತದೆ. ಅವರು ಎಲ್ಲ ಪಾಠ ಕೇಳಿದರು. ಗಂಡ ಸಿಗರೇಟು ಬಿಟ್ಟರು. ಅಂಗಡಿಯಲ್ಲಿ ಮಾರುವುದನ್ನೂ ನಿಲ್ಲಿಸಿದರು, ಅದನ್ನು ನಾವು ಕೇಳಿಯೂ ಇರಲಿಲ್ಲ. ಪ್ರತಿ ಭಾನುವಾರ ಮಕ್ಕಳೊಂದಿಗೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು.

ತಾರೀಖು ಕೊಡೋಣ ಅಂತ ಹೋದ ದಿನ ನಾನಾಯ್ ಹೇಳಿದರು, ನಮಗೆ ಮದುವೆ ಆಗಿಲ್ಲ. ಅವರ ಮೊದಲ ಗಂಡ ಮನಿಲಾಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಫಿಲಿಪ್ಪೀನ್ಸ್‌ನಲ್ಲಿ ವಿಚ್ಛೇದನದ ಕಾನೂನೇ ಇಲ್ಲ. ಮುಸ್ಲಿಮರಿಗೆ ಬೇರೆ ಕಾನೂನಿದೆ, ಉಳಿದವರಿಗಿಲ್ಲ. ವ್ಯಾಟಿಕನ್ ಬಿಟ್ಟರೆ ಹೀಗಿರುವ ದೇಶ ಅದೊಂದೇ. ಮದುವೆಯೇ ಅಸಿಂಧು ಅಂತ ಕೋರ್ಟಿನಲ್ಲಿ ಸಾಬೀತು ಮಾಡಬಹುದು. ಅದಕ್ಕೆ ವರ್ಷಗಟ್ಟಲೆ ಅಲೆಯಬೇಕು, ಲಕ್ಷಗಟ್ಟಲೆ ಪೆಸೊ ಬೇಕು. ಅಂಗಡಿ, ಟ್ರೈಸಿಕಲ್, ಮನೆ ಎಲ್ಲ ಮಾರಿದರೂ ಅಷ್ಟಾಗದು. ಇನ್ನು ನಮ್ಮ ಸಭೆಯ ನಿಯಮ, ಮದುವೆಯಾಗದೆ ಒಟ್ಟಿಗಿರುವವರಿಗೆ ದೀಕ್ಷಾಸ್ನಾನ ಇಲ್ಲ. ದೇಶದ ಕಾನೂನು ಮದುವೆ ಆಗಲು ಬಿಡುವುದಿಲ್ಲ, ಸಭೆಯ ನಿಯಮ ಹಾಗೇ ಇರಲು ಬಿಡುವುದಿಲ್ಲ. ಬೇರೆ ಬೇರೆ ಇರಬಹುದು, ಆಗ ಸಾಧ್ಯ. ಅಷ್ಟು ವರ್ಷ ಸಂಸಾರ ಮಾಡಿ ಮಕ್ಕಳನ್ನು ಬೆಳೆಸಿದ ಇಬ್ಬರಿಗೆ, ಮೀಸೆ ಮೂಡುತ್ತಿರುವ ನಾನು ಆ ಮಾತು ಹೇಳಬೇಕಿತ್ತು. ನನ್ನ ಬಾಯಿಂದ ಬರಲಿಲ್ಲ. ನಾನಾಯ್ ಅವರೇ ಅದನ್ನು ಹೇಳಿ, ಆಗಲ್ಲ ಮಗ ಅಂದರು.

ಮೇಲಿನವರನ್ನು ಕೇಳಿದೆ. ಸಮಾಧಾನವಾಗಿ ಮಾತಾಡಿದರು, ಉತ್ತರ ನಾನು ಅಂದುಕೊಂಡದ್ದೇ. ನಿಯಮ ಯಾಕೆ ಬೇಕು ಅಂತ ನನಗೂ ಗೊತ್ತು, ಅದನ್ನು ಬೇರೆಯವರಿಗೆ ಚೆನ್ನಾಗಿಯೇ ವಿವರಿಸಬಲ್ಲೆ. ಆ ಗೂಡಂಗಡಿಯ ಬೆಂಚಿನ ಮೇಲೆ ಕೂತು ವಿವರಿಸು ಅಂದರೆ ಮಾತ್ರ ಈಗಲೂ ಆಗುವುದಿಲ್ಲ.

ಅವರ ದೊಡ್ಡ ಮಗಳಿಗೆ ದೀಕ್ಷಾಸ್ನಾನ ಆಯಿತು. ಎಂಟು ವರ್ಷ ದಾಟಿದ ಮಕ್ಕಳಿಗೆ ತಂದೆ ತಾಯಿ ಒಪ್ಪಿದರೆ ಆಗಬಹುದು. ಅವಳೂ ನಾನೂ ಬಿಳಿ ಬಟ್ಟೆ ಹಾಕಿ ಸೊಂಟದವರೆಗಿನ ನೀರಿನ ತೊಟ್ಟಿಗೆ ಇಳಿದೆವು. ಪೂರ್ತಿ ಮುಳುಗಬೇಕು, ಬಟ್ಟೆಯ ಅಂಚು ಮೇಲೆ ಉಳಿದರೂ ಲೆಕ್ಕಕ್ಕಿಲ್ಲ, ಇಬ್ಬರು ಸಾಕ್ಷಿಗಳು ನೋಡುತ್ತಿರುತ್ತಾರೆ. ಮೊದಲ ಸಲ ಅವಳ ಪಾದ ಮೇಲೆ ಬಂತು. ಮತ್ತೆ ಮುಳುಗಿಸಿದೆ. 2019ರಿಂದ ಹೆಂಗಸರೂ ಸಾಕ್ಷಿ ನಿಲ್ಲಬಹುದು, ಆದರೆ ದೀಕ್ಷೆ ಆದವರಾಗಿರಬೇಕು. ನಾನಾಯ್ ಕುರ್ಚಿಯಲ್ಲಿ ಕೂತು ಟವೆಲ್ ಹಿಡಿದುಕೊಂಡಿದ್ದರು. ಆ ಭಾನುವಾರದ ಲೆಕ್ಕದಲ್ಲಿ 'ಒಂದು' ಅಂತ ಬರೆದೆವು.

ಎರಡು ವರ್ಷ ಮುಗಿಯುವ ಹೊತ್ತಿಗೆ ಮನಸ್ಸು ಮನೆ ಕಡೆ ಎಳೆಯುತ್ತದೆ. ನಮ್ಮವರು ಅದಕ್ಕೆ 'ಟ್ರಂಕಿ' ಅನ್ನುತ್ತಾರೆ, ಟ್ರಂಕು ಕಟ್ಟಿ ಕೂತವನು ಅಂತ. ಬೆಂಗಳೂರಿಗೆ ಬಂದ ಮೇಲೆ ಒಬ್ಬ ಹಿರಿಯರ ಮುಂದೆ ಕೂರಿಸಿ 'ಬಿಡುಗಡೆ' ಮಾಡುತ್ತಾರೆ, ಬ್ಯಾಡ್ಜ್ ತೆಗೆಯಲು ಹೇಳುತ್ತಾರೆ. ಮರುದಿನ ಹಾಲು ತರಲು ಒಬ್ಬನೇ ಹೊರಟವನು ಗೇಟಿನ ಹತ್ತಿರ ಜೊತೆಗಾರನಿಗೆ ಕಾಯುತ್ತಾ ನಿಂತಿದ್ದೆ ಅಂತ ಅಮ್ಮ ನಗುತ್ತಾರೆ. ಆ ಅಭ್ಯಾಸ ಹೋಗಲು ತಿಂಗಳುಗಳೇ ಬೇಕಾದವು.

2024ರ ಮೇ ತಿಂಗಳಲ್ಲಿ ವಿಚ್ಛೇದನ ಮಸೂದೆ ಅಲ್ಲಿನ ಕೆಳಮನೆಯಲ್ಲಿ ಪಾಸಾಯಿತು. ನಾನು ಅವತ್ತೇ ನಾನಾಯ್‌ಗೆ ಮೆಸೇಜ್ ಹಾಕಿದೆ. ಅವರು ಅಷ್ಟೊಂದು ನೆಚ್ಚಿಕೊಳ್ಳಲಿಲ್ಲ, ಸೆನೆಟ್ ಇದೆಯಲ್ಲ ಅಂದರು. ಅವರು ಹೇಳಿದ್ದೇ ಸರಿ, ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. ಈಗಲೂ ಆಗಾಗ ಮೆಸೇಜ್ ಬರುತ್ತದೆ. ಭಾನುವಾರ ಹೋಗುತ್ತಿದ್ದಾರೆ, ಮಗಳು ಈಗ ಸಭೆಯಲ್ಲಿ ಪಿಯಾನೋ ಕಲಿಯುತ್ತಿದ್ದಾಳೆ, ಭತ್ತದ ರೇಟು ಬಿದ್ದಿದೆ. ನಿಮ್ಮ ಕಡೆ ರೇಟು ಎಷ್ಟು ಅಂತಲೂ ಕೇಳುತ್ತಾರೆ. ಅಜ್ಜಿಯನ್ನು ಕೇಳಿ ಹೇಳುತ್ತೇನೆ ಅಂತ ಬರೆಯುತ್ತೇನೆ.